ಆಪ್ತ ಸಲಹೆ: ರೈಲಿನಲ್ಲಿ ಆಡಿದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ

ಪ್ರಶ್ನೆ: ನನಗೆ 25 ವರ್ಷ. ಊರು ಗದಗ. ಹುಬ್ಬಳ್ಳಿಯ ಖಾಸಗಿ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ. ದಿನಾ ರೈಲಿನಲ್ಲಿ ಓಡಾಟ. ಪಾಸ್ ಇರುವ ನಾವು ಆರೇಳು ಹೆಣ್ಣುಮಕ್ಕಳು ಒಟ್ಟಿಗೇ ಕೂರುತ್ತೇವೆ. ಬಂದುಹೋಗುವವರನ್ನು ಆಡಿಕೊಳ್ಳುವುದರಲ್ಲಿ ನಾನೇ ಮುಂದು. ಅಣ್ಣಿಗೇರಿಯಲ್ಲಿ ಒಬ್ಬ ಅಕ್ಕ ಹತ್ತುತ್ತಾರೆ. ಅಷ್ಟು ಕಪ್ಪಿದ್ದರೂ ಅರಿಶಿನ ಬಣ್ಣದ ಸೀರೆ, ತಲೆ ತುಂಬ ಅಬ್ಬಲಿಗೆ ಹೂವು, ಫೋನಿನಲ್ಲಿ ಜೋರು ನಗು. ಒಂದು ದಿನ ‘ಇಕಿ ಮನ್ಯಾಗ ಕನ್ನಡಿ ಇಲ್ಲೇನು?’ ಅಂದೆ. ಎಲ್ಲರೂ ನಕ್ಕರು. ಅದು ಅವರಿಗೆ ಕೇಳಿಸಿತು. ಏನೂ ಅನ್ನಲಿಲ್ಲ. ಮರುದಿನದಿಂದ ಬೇರೆ ಬೋಗಿ ಹತ್ತುತ್ತಿದ್ದಾರೆ. ಅವರ ಗಂಡ ಹಾಸಿಗೆ ಹಿಡಿದಿದ್ದಾರೆ, ಮನೆ ನಡೆಯುವುದೇ ಇವರ ದುಡಿಮೆಯಿಂದ ಅಂತ ಆಮೇಲೆ ಗೊತ್ತಾಯಿತು. ಅಂದಿನಿಂದ ನನಗೆ ನಿದ್ದೆ ಇಲ್ಲ.

ಆರು ತಿಂಗಳ ಹಿಂದೆ ನನ್ನನ್ನು ನೋಡಲು ಬಂದವರು ‘ಹುಡುಗಿ ಬಣ್ಣ ಕಡಿಮೆ, ಮೈ ಜಾಸ್ತಿ’ ಎಂದು ಹೇಳಿ ಕಳಿಸಿದರು. ಈಗ ರಾತ್ರಿ ಊಟ ಬಿಟ್ಟಿದ್ದೇನೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮ್ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾಯಿತು, ಈಗ ಬಿಸಿಲಿಗೆ ಹೋದರೆ ಕೆಂಪಗಾಗಿ ಉರಿಯುತ್ತದೆ. ನನಗೆ ಒಪ್ಪುವುದಿಲ್ಲ ಅಂತ ಹಳದಿ ಚೂಡಿದಾರ್ ತಂಗಿಗೆ ಕೊಟ್ಟುಬಿಟ್ಟೆ. ನನ್ನನ್ನೇ ನಾನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಇನ್ನೊಬ್ಬರನ್ನು ಆಡಿಕೊಳ್ಳುವ ಚಾಳಿ ಬಿಡುವುದು ಹೇಗೆ? ಆ ಅಕ್ಕನ ಕ್ಷಮೆ ಕೇಳಬೇಕಾ?

ಉತ್ತರ: ತಂಗಿ, ಮೊದಲು ಕ್ರೀಮಿನ ವಿಷಯ. ಉಳಿದದ್ದು ನಾಲ್ಕು ದಿನ ತಡವಾದರೂ ನಡೆದೀತು, ಇದು ತಡವಾಗಬಾರದು. ಆ ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದು. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಇಂಥ ಹೆಸರೇನಾದರೂ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ಅರ್ಥ. ಇವು ಔಷಧಿಗಳು. ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಮಾತ್ರ ಹಚ್ಚಬೇಕಾದವು. ಹೊಸದರಲ್ಲಿ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ, ಮುಖದ ಮೇಲೆ ಕೂದಲು ಬರಬಹುದು, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಇನ್ನೂ ಕೆರಳುತ್ತದೆ. ಅದಕ್ಕೆ ಹೆದರಿ ಹುಡುಗಿಯರು ಮತ್ತೆ ಅದನ್ನೇ ಹಚ್ಚುತ್ತಾರೆ. ಇಂಥ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಕೇಳಿದವರ ಕೈಗೆ ಸಿಗುತ್ತಿರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ ಗದಗಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ನಲ್ಲೂ ಹುಬ್ಬಳ್ಳಿಯ ಕೆಎಂಸಿಆರ್‌ಐ, ಅಂದರೆ ಮೊದಲಿನ ಕಿಮ್ಸ್‌ನಲ್ಲೂ ಚರ್ಮದ ಡಾಕ್ಟರಿದ್ದಾರೆ. ಈ ವಾರವೇ ಅರ್ಧ ದಿನ ರಜೆ ಹಾಕು. ಟ್ಯೂಬ್ ಕೈಯಲ್ಲಿ ಹಿಡಿದುಕೊಂಡೇ ಹೋಗು. ಹೇಗೆ ಬಿಡಬೇಕು ಅನ್ನುವುದನ್ನು ಅವರೇ ಹೇಳಲಿ.

ಇನ್ನೊಂದು ಮಾತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಕಪ್ಪಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ತಯಾರಿಸುವ ಮೆಲನಿನ್ ನಿನ್ನಲ್ಲಿ ಜಾಸ್ತಿ. ಗದಗಿನ ಏಪ್ರಿಲ್ ಬಿಸಿಲಿಗೆ ಅದು ನಿನ್ನ ಮೈಗೆ ಹುಟ್ಟಿನಿಂದ ಬಂದ ಕೊಡೆ.

ಈಗ ರೈಲಿನ ಮಾತಿಗೆ ಬರೋಣ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಬಣ್ಣ ಕಣ್ಣಿಗೆ ಬಿತ್ತು. ಆ ಅಕ್ಕ ಉಟ್ಟದ್ದು ಅರಿಶಿನ ಬಣ್ಣದ ಸೀರೆ. ನೀನು ತಂಗಿಗೆ ಕೊಟ್ಟದ್ದು ಹಳದಿ ಚೂಡಿದಾರ್. ಇದನ್ನು ನೀನು ಗಮನಿಸಿ ಬರೆದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ನಿನ್ನ ಸಿಟ್ಟಿನ ಬೇರು ಅಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ‘ನನಗೆ ಬೇಡ’ ಅಂತ ನೀನು ಮಡಚಿ ಕೊಟ್ಟ ಬಣ್ಣವನ್ನು ನಿನ್ನಷ್ಟೇ ಕಪ್ಪಗಿರುವ ಹೆಂಗಸು ಉಟ್ಟು, ಮೇಲೆ ಹೂವನ್ನೂ ಮುಡಿದು, ಯಾರ ಅಪ್ಪಣೆಯನ್ನೂ ಕೇಳದೆ ನಗುತ್ತಾ ಎದುರು ಕೂತಿದ್ದಳು. ಅದು ನಿನಗೆ ಚುಚ್ಚಿತು. ‘ಕನ್ನಡಿ ಇಲ್ಲೇನು’ ಅಂದೆಯಲ್ಲ, ಆ ಕನ್ನಡಿ ನಿನ್ನ ಮನೆಯದು.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನನ್ನ ಮದುವೆ ಮಾತುಕತೆಯ ಕಾಲದಲ್ಲಿ ಧಾರವಾಡದ ನಮ್ಮ ಮನೆಗೆ ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಹೋಗುವಾಗ ಬಾಗಿಲಲ್ಲಿ ‘ಹುಡುಗಿ ಹಲ್ಲ ಸ್ವಲ್ಪ ಮುಂದ ಅದಾವ’ ಅಂದಿದ್ದರು. ನಾನು ಒಳಗೆ ಬಸಿ ತೊಳೆಯುತ್ತಿದ್ದೆ. ಅಲ್ಲಿಂದ ಎಷ್ಟೋ ವರ್ಷ ನಾನು ಬಾಯಿಗೆ ಸೆರಗು ಹಿಡಿದೇ ನಕ್ಕೆ. ತಮ್ಮನ ಮದುವೆಯ ಆಲ್ಬಂ ತೆಗೆದರೆ ಒಂದು ಫೋಟೋದಲ್ಲೂ ನನ್ನ ನಗು ಇಲ್ಲ, ಬರೀ ಸೆರಗು. ಅದೇ ವರ್ಷಗಳಲ್ಲಿ ಯಾರೇ ಎದುರು ಬಂದರೂ ನಾನು ಮೊದಲು ನೋಡುತ್ತಿದ್ದದ್ದು ಅವರ ಹಲ್ಲು. ಮಾತಿನ ಮೇಲೆ ಲಕ್ಷ್ಯವೇ ಇರುತ್ತಿರಲಿಲ್ಲ. ನನಗಿಂತ ಮುಂದಿದ್ದರೆ ಒಳಗೆ ಒಂದು ಥರದ ಸಮಾಧಾನ. ಇದನ್ನು ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪೆಟ್ಟು ತಿಂದ ಜಾಗಕ್ಕೇ ಕೈ ಹೋಗುತ್ತದಲ್ಲ, ಕಣ್ಣೂ ಹಾಗೇ.

ನಿನ್ನ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಬೇರೆಯದೇ. ಗಂಡನ ಕಾಯಿಲೆ ಗೊತ್ತಾದ ಮೇಲೆ ನಿನಗೆ ನಿದ್ದೆ ಹೋಯಿತು ಅಂದೆ. ಮರುಗುವ ಮನಸ್ಸಿದೆ, ಒಳ್ಳೆಯದೇ. ಆದರೆ ಸ್ವಲ್ಪ ಯೋಚಿಸು. ಅವರ ಗಂಡ ಗಟ್ಟಿಮುಟ್ಟಾಗಿದ್ದು, ಮನೆಯಲ್ಲಿ ಯಾವ ಕಷ್ಟವೂ ಇಲ್ಲದಿದ್ದರೆ? ಸುಮ್ನೆ ಖುಷಿಗೆ ಅಂತಲೇ ಅರಿಶಿನ ಬಣ್ಣದ ಸೀರೆ ಉಟ್ಟಿದ್ದರೆ? ಆಗ ನೀನು ಆಡಿದ ಮಾತು ಸರಿಯಾಗುತ್ತಿತ್ತಾ? ನಾವು ಹೆಂಗಸರು ಇದೊಂದು ವಿಷಯದಲ್ಲಿ ಬಹಳ ತಪ್ಪುತ್ತೇವೆ. ಕಷ್ಟ ಇದೆ ಅಂತ ಗೊತ್ತಾದರೆ ‘ಅಯ್ಯೋ ಪಾಪ’ ಅಂತ ಬಿಟ್ಟುಬಿಡುತ್ತೇವೆ. ಸುಖವಾಗಿದ್ದಾಳೆ ಅಂತ ಕಂಡರೆ ಬಿಡುವುದಿಲ್ಲ. ಅವಳು ನಗುವುದಕ್ಕೆ ಒಂದು ಕಾರಣ ತಂದು ತೋರಿಸಬೇಕು, ಇಲ್ಲದಿದ್ದರೆ ನಮ್ಮ ಬಾಯಿಗೆ ಬೀಳಬೇಕು.

ನಿನ್ನ ಜೊತೆಗೂ ನೀನು ಮಾಡುತ್ತಿರುವುದು ಇದನ್ನೇ. ಬಣ್ಣ ತಿಳಿಯಾದರೆ ಒಪ್ಪಿಕೊಳ್ಳುತ್ತೇನೆ, ಮೈ ಇಳಿದರೆ ಒಪ್ಪಿಕೊಳ್ಳುತ್ತೇನೆ, ಒಬ್ಬ ಹುಡುಗ ಹೂಂ ಅಂದರೆ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಊಟ ಇಲ್ಲ, ಹಳದಿ ಇಲ್ಲ. ಅರ್ಧ ಗಂಟೆ ನಿಮ್ಮ ಮನೆಯಲ್ಲಿ ಕೂತು ಹೋದವರ ಮಾತಿಗೆ ನೀನು ಆರು ತಿಂಗಳಿಂದ ದಂಡ ಕಟ್ಟುತ್ತಿದ್ದೀಯ.

ಊಟ ಇವತ್ತು ರಾತ್ರಿಯಿಂದಲೇ ಶುರು ಮಾಡು. ಒಂದು ರೊಟ್ಟಿ, ಪಲ್ಯ, ಒಂದಿಷ್ಟು ಮೊಸರು, ಶೇಂಗಾ ಹಿಂಡಿ. ಹಸಿದ ಹೊಟ್ಟೆಗೆ ಬರುವುದು ಬರೀ ಕೆಟ್ಟ ಯೋಚನೆ. ನಿದ್ದೆ ಬಾರದಿರುವುದು, ಕನ್ನಡಿ ಕಂಡರೆ ಬೇಸರ ಇವು ಇನ್ನೂ ಎರಡು ವಾರ ಹೀಗೇ ಇದ್ದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರು ಕೂತು ಮಾತಾಡಬೇಕು ಅನ್ನಿಸಿದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ‘ಹುಚ್ಚರ ಆಸ್ಪತ್ರೆ’ ಅಂತ ಯಾರಾದರೂ ಅಂದರೆ ಅನ್ನಲಿ. ಮನಸ್ಸಿಗೆ ನೋವಾದವರು ಹೋಗುವ ಜಾಗ ಅದು.

ಕ್ಷಮೆ ಕೇಳಬೇಕಾ ಅಂದೆ. ಕೇಳಬೇಕು. ಆದರೆ ಹೇಗೆ ಕೇಳುತ್ತೀ ಅನ್ನುವುದು ಮುಖ್ಯ. ಅವರ ಬೋಗಿಗೆ ಹತ್ತಿ ನಾಲ್ಕು ಜನರ ಮುಂದೆ ಕೇಳಬೇಡ. ಅವರಿಗೆ ಎದ್ದು ಹೋಗಲೂ ಆಗುವುದಿಲ್ಲ, ಸಿಟ್ಟು ತೋರಿಸಲೂ ಆಗುವುದಿಲ್ಲ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ ಜನ ಸ್ವಲ್ಪ ಚದುರಿದಾಗ ಒಬ್ಬಳೇ ಹೋಗು. ‘ಅಕ್ಕಾರ, ಅವತ್ತ ನಾ ಅಂದಿದ್ದು ತಪ್ಪಾತ್ರೀ’ ಅಂತ ಹೇಳು. ಅಷ್ಟೇ. ‘ಮನಸ್ಸಿಗೆ ಹಚ್ಕೋಬ್ಯಾಡ್ರಿ’ ಅಂತ ಸೇರಿಸಬೇಡ, ಅದು ಆಗಲೇ ಹತ್ತಿದೆ. ಗಂಡನ ಕಾಯಿಲೆಯ ಮಾತು ಎತ್ತಲೇಬೇಡ. ನಿನ್ನನ್ನು ನೋಡಲು ಬಂದವರ ಕಥೆಯನ್ನೂ ಹೇಳಬೇಡ. ಹೇಳಿದರೆ ನಿನ್ನನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ. ಅವರು ಮಾತಾಡದೆ ಮುಖ ತಿರುಗಿಸಿ ಹೋದರೆ ಹೋಗಲಿ. ಅದು ಅವರಿಗೆ ಬಿಟ್ಟದ್ದು. ಮತ್ತೆ ಮತ್ತೆ ಬೆನ್ನು ಹತ್ತಬೇಡ.

ಗೆಳತಿಯರ ಗುಂಪು ಬಿಡುವುದೇನೂ ಬೇಡ. ನಾಳೆಯಿಂದ ಅವರಿಗೆ ಬುದ್ಧಿ ಹೇಳಲು ಹೋಗಲೂ ಬೇಡ, ನಿನ್ನೆಯವರೆಗೆ ನಗಿಸಿದವಳು ನೀನೇ ಅಲ್ವಾ. ಯಾರಾದರೂ ಶುರು ಮಾಡಿದರೆ ನೀನು ಒಗ್ಗರಣೆ ಹಾಕದಿದ್ದರೆ ಸಾಕು. ಹುಲಕೋಟಿ ದಾಟುವಷ್ಟರಲ್ಲಿ ಡಬ್ಬಿ ತೆಗೆದು ಎಲ್ಲರ ಕೈಗೆ ಒಂದೊಂದು ತುತ್ತು ಕೊಡು. ಮಾತು ತಾನಾಗಿ ಬೇರೆ ಕಡೆ ಹೋಗುತ್ತದೆ. ಚಾಳಿ ಒಂದೇ ದಿನಕ್ಕೆ ಹೋಗುವುದಿಲ್ಲ. ಮೊದಮೊದಲು ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಬಂದಾಗ ಗಾಬರಿಯಾಗಿ ನಿನ್ನನ್ನೇ ಬೈದುಕೊಳ್ಳಬೇಡ. ಅವರಲ್ಲಿ ನಿನ್ನ ಕಣ್ಣು ಯಾವುದರ ಮೇಲೆ ನಿಂತಿತು ನೋಡು. ಬಣ್ಣವೋ, ಮೈಯೋ, ನಗುವೋ? ನೋಡಿ ಸುಮ್ಮನಿರು.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಏನಂದರು ಅಂತ ನನಗೆ ಬರೆ. ಕಾಯುತ್ತಿರುತ್ತೇನೆ. ಆಮೇಲೆ, ಆ ಚೂಡಿದಾರ್ ತಂಗಿಯಿಂದ ವಾಪಸ್ ಕೇಳು. ಅವಳಿಗೂ ಇಷ್ಟವಾಗಿ ಕೊಡಲಿಲ್ಲ ಅಂದರೆ ಬಿಡು, ಸಂಬಳದ ದಿನ ಆಫೀಸ್ ಮುಗಿಸಿ ದುರ್ಗದ ಬೈಲ್ ಕಡೆ ಹೋಗಿ ಇನ್ನೊಂದು ತೆಗೆದುಕೋ. ಹಳದಿಯದೇ.