ಅಯಾನನ್ನು ಹಿಡಿಯುವ ಮೊದಲು ಅದನ್ನು ಕಾಣುವ ಬಗೆ

ಪ್ರಶ್ನೆ: ಸ್ಥಿರ ವಿದ್ಯುತ್ ಕ್ಷೇತ್ರವೊಂದರಿಂದಲೇ ಆವೇಶವುಳ್ಳ ಕಣವನ್ನು ಒಂದೆಡೆ ನಿಲ್ಲಿಸಲಾಗದು ಎಂದು ತರಗತಿಯಲ್ಲಿ ಕಲಿತೆವು. ಹಾಗಾದರೆ ಅಯಾನ್ ಟ್ರ್ಯಾಪ್ (ಅಯಾನನ್ನು, ಅಂದರೆ ಆವೇಶವುಳ್ಳ ಪರಮಾಣುವನ್ನು, ಹಿಡಿದಿಡುವ ಉಪಕರಣ) ಅದನ್ನು ಹೇಗೆ ಹಿಡಿದಿಡುತ್ತದೆ? ಕಣ ಒಳಗಿದೆ ಎಂದು ತಿಳಿಯುವುದು ಹೇಗೆ? ನಮ್ಮ ಪ್ರಯೋಗಾಲಯದಲ್ಲಿ ಅದನ್ನು ಕಟ್ಟಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ನೀವು ಕಲಿತದ್ದು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲಿ ತೋರಿಸಿಕೊಟ್ಟ ನಿಯಮ. ವಿಭವವು (ಪೊಟೆನ್ಶಿಯಲ್) ಒಂದು ದಿಕ್ಕಿನಲ್ಲಿ ತಗ್ಗಾಗಿದ್ದರೆ ಮತ್ತೊಂದು ದಿಕ್ಕಿನಲ್ಲಿ ಉಬ್ಬಿರಲೇಬೇಕು. ಕುದುರೆಯ ಜೀನಿನ ಮೇಲಿಟ್ಟ ಗೋಲಿಯಂತೆ ಕಣ ಒಂದಲ್ಲ ಒಂದು ಕಡೆಗೆ ಜಾರುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ಪೌಲ್ 1950ರ ದಶಕದಲ್ಲಿ ಈ ತಗ್ಗು ಉಬ್ಬುಗಳನ್ನು ಪರ್ಯಾಯ ವೋಲ್ಟೇಜಿನಿಂದ ಕ್ಷಿಪ್ರವಾಗಿ ಅದಲುಬದಲು ಮಾಡಿದರು. ಕೇಂದ್ರದಿಂದ ದೂರವಾದಷ್ಟೂ ಕ್ಷೇತ್ರ ಬಲಗೊಳ್ಳುತ್ತದೆ. ಕಂಪಿಸುವ ಕಣಕ್ಕೆ ಒಳಮುಖದ ಬಲ ತಗಲುವುದು ಅದು ತುಸು ಹೊರಗಿರುವಾಗಲೇ ಆದ್ದರಿಂದ, ಒಟ್ಟು ಲೆಕ್ಕದಲ್ಲಿ ಕಣ ಕೇಂದ್ರದ ಕಡೆಗೇ ಸೆಳೆಯಲ್ಪಡುತ್ತದೆ. ಕಾಂತಕ್ಷೇತ್ರವನ್ನೂ ಬಳಸುವ ಪೆನ್ನಿಂಗ್ ಟ್ರ್ಯಾಪನ್ನು ಬೆಳೆಸಿದ ಹಾನ್ಸ್ ಡೆಹ್ಮೆಲ್ಟ್ ಅವರಿಗೂ ಪೌಲ್ ಅವರಿಗೂ 1989ರ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು.

ಅಳತೆಗಳು ಭಯಪಡುವಂಥವಲ್ಲ. ಪೌಲ್ ಟ್ರ್ಯಾಪಿನ ನಡುವೆ ಉಂಗುರದಾಕಾರದ ಎಲೆಕ್ಟ್ರೋಡೂ (ವೋಲ್ಟೇಜು ಕೊಡುವ ಲೋಹದ ಭಾಗ) ಅದರ ಮೇಲೆ ಕೆಳಗೆ ಮುಚ್ಚಳದಂಥ ಎರಡು ಎಲೆಕ್ಟ್ರೋಡುಗಳೂ ಇರುತ್ತವೆ. ಉಂಗುರದ ಒಳ ತ್ರಿಜ್ಯ 1 ಸೆಂ.ಮೀ., ವೋಲ್ಟೇಜಿನ ಆವೃತ್ತಿ 1 ಮೆಗಾಹರ್ಟ್ಸ್ ಇದ್ದರೆ, ಒಂದು ಆವೇಶದ ಆರ್ಗಾನ್ ಅಯಾನನ್ನು ನೆಮ್ಮದಿಯಾಗಿ ಹಿಡಿದಿಡಲು ಸುಮಾರು 160 ವೋಲ್ಟ್ ಸಾಕು. ವೋಲ್ಟೇಜನ್ನು 370ರ ಆಚೆಗೆ ಏರಿಸಿದರೆ ಅದೇ ಅಯಾನು ಅಸ್ಥಿರಗೊಂಡು ಹೊರಬೀಳುತ್ತದೆ.

ಆದರೆ ವಿನ್ಯಾಸ ಆರಂಭವಾಗಬೇಕಾದುದು ನಿಮ್ಮ ಎರಡನೆಯ ಪ್ರಶ್ನೆಯಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಯಾನನ್ನು ಹೊರಹಾಕಿ ಎಲೆಕ್ಟ್ರಾನ್ ಗುಣಕದಿಂದ (ಬಂದು ಬಡಿದ ಅಯಾನಿನ ಸಂಕೇತವನ್ನು ಹಿಗ್ಗಿಸಿ ತೋರಿಸುವ ಸಾಧನ) ಎಣಿಸುವುದಾದರೆ ಎಲೆಕ್ಟ್ರೋಡಿನಲ್ಲಿ ರಂಧ್ರ ಬೇಕು. ರಂಧ್ರವು ಕ್ಷೇತ್ರವನ್ನು ಕೆಡಿಸುತ್ತದೆ. ಅದನ್ನು ಸರಿದೂಗಿಸಲೆಂದೇ ದ್ರವ್ಯರಾಶಿ ಮಾಪಕಗಳಲ್ಲಿ ಮೇಲಿನ ಮತ್ತು ಕೆಳಗಿನ ಮುಚ್ಚಳಗಳನ್ನು ಆದರ್ಶ ಅಂತರಕ್ಕಿಂತ ತುಸು ದೂರ ಇರಿಸಿದ್ದುಂಟು. ಲೇಸರ್ ಹಾಯಿಸಿ, ಅಯಾನು ಚೆಲ್ಲುವ ಬೆಳಕನ್ನು ಕ್ಯಾಮೆರಾದಲ್ಲಿ ನೋಡುವುದಾದರೆ ಎಲ್ಲ ಬದಿಗಳೂ ತೆರೆದಿರಬೇಕು, ಆಗ ನಾಲ್ಕು ಸರಳುಗಳ ರಚನೆ ಒಳ್ಳೆಯದು. ಕಣದ ಚಲನೆಯಿಂದ ಎಲೆಕ್ಟ್ರೋಡಿನಲ್ಲಿ ಹುಟ್ಟುವ ಅತಿ ಸಣ್ಣ ಪ್ರೇರಿತ ವಿದ್ಯುತ್ತನ್ನು ಅಳೆಯುವುದಾದರೆ ಎಲೆಕ್ಟ್ರೋಡುಗಳು ಕಣಕ್ಕೆ ಹತ್ತಿರವಿದ್ದಷ್ಟೂ ಲಾಭ.

ನಿಜವಾದ ಅಯಾನಿಗೆ ಉತ್ತಮ ನಿರ್ವಾತ ಬೇಕು. ಅದು ಬಹುತೇಕ ಕಾಲೇಜುಗಳಿಗೆ ದುಬಾರಿ. ನೀವು ಧೂಳಿನ ಕಣದಿಂದ ಆರಂಭಿಸಿ. ವಿವರ್ತನೆಯ ಪ್ರಯೋಗಕ್ಕೆ ಬಳಸುವ ಲೈಕೋಪೋಡಿಯಂ ಪುಡಿಗೆ (ಒಂದು ಬಗೆಯ ಸಸ್ಯದ ನುಣ್ಣನೆಯ ಬೀಜಾಣುಗಳು) ಆವೇಶ ಕೊಟ್ಟು, 50 ಹರ್ಟ್ಸ್‌ನ ಕೆಲವು ಸಾವಿರ ವೋಲ್ಟ್‌ಗಳಲ್ಲಿ ಗಾಳಿಯಲ್ಲೇ ಹಿಡಿಯಬಹುದು. ಪಕ್ಕದಿಂದ ಬೆಳಕು ಹಾಯಿಸಿದರೆ ಕಣವು ಮೊದಲು ಸಣ್ಣ ಗೆರೆಯಾಗಿ ಕಾಣುತ್ತದೆ, ಏಕೆಂದರೆ ಅದರ ಭಾರ ಅದನ್ನು ಕೇಂದ್ರದಿಂದ ಕೆಳಗೆ ಎಳೆದಿರುತ್ತದೆ, ಅಲ್ಲಿ ಪರ್ಯಾಯ ಕ್ಷೇತ್ರ ಅದನ್ನು ಮೇಲೆ ಕೆಳಗೆ ಅಲುಗಿಸುತ್ತಿರುತ್ತದೆ. ಮೇಲು ಕೆಳಗಿನ ಮುಚ್ಚಳಗಳ ನಡುವೆ ಏಕಮುಖ ವೋಲ್ಟೇಜನ್ನು ಮೆಲ್ಲನೆ ಬದಲಿಸಿದಂತೆ ಗೆರೆ ಕುಗ್ಗಿ ಚುಕ್ಕಿಯಾಗುತ್ತದೆ. ಆ ಕ್ಷಣದಲ್ಲಿ ವಿದ್ಯುತ್ ಬಲವೂ ಕಣದ ಭಾರವೂ ಸಮನಾಗಿರುತ್ತವೆ. ಆ ವೋಲ್ಟೇಜಿನಿಂದಲೇ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತವನ್ನು ಲೆಕ್ಕಹಾಕಬಹುದು.

ತೇವದಿಂದ ಆವೇಶ ಸೋರುವುದರಿಂದ, ಬಳ್ಳಾರಿಯ ಒಣ ಬೇಸಿಗೆ ಈ ಪ್ರಯೋಗಕ್ಕೆ ಮಳೆಗಾಲಕ್ಕಿಂತ ಅನುಕೂಲ. ಇಷ್ಟು ವೋಲ್ಟೇಜು ಪ್ರಾಣಕ್ಕೆ ಅಪಾಯಕಾರಿ ಎಂಬುದನ್ನು ಮರೆಯಬೇಡಿ: ಸರಣಿಯಲ್ಲಿ ಮೆಗಾಓಮ್‌ಗಳ ರೋಧಕವನ್ನು ಜೋಡಿಸಿ, ಇಡೀ ರಚನೆಯನ್ನು ಅಕ್ರಿಲಿಕ್ ಪೆಟ್ಟಿಗೆಯೊಳಗಿಟ್ಟು, ಅಧ್ಯಾಪಕರು ಜೊತೆಗಿದ್ದಾಗ ಮಾತ್ರ ಸ್ವಿಚ್ ಹಾಕಿ.