ಆನ್ ಮಾಡಿದರೆ ಸ್ಕ್ಯಾನರ್ ಕಟಕಟ ಅಂತಿದೆ, ಮೋಟರ್ ಬದಲಿಸಬೇಕು ಅಂತಾರೆ. ನಿಜವೇ?

ಕಟಕಟ ಅಂತಿದ್ದರೆ ಮೋಟರ್ ಬಹುತೇಕ ಬದುಕಿದೆ. ಪೂರ್ತಿ ಸತ್ತ ಮೋಟರ್ ಸದ್ದೇ ಮಾಡುವುದಿಲ್ಲ. ಇದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್; ಒಳಗಿನ ಎರಡು ಕಾಯಿಲ್‌ಗಳಲ್ಲಿ (ತಂತಿ ಸುರುಳಿಗಳಲ್ಲಿ) ಒಂದು ಮಾತ್ರ ಹೋಗಿದ್ದರೆ ತಿರುಗದೆ ನಿಂತಲ್ಲೇ ನಡುಗುತ್ತದೆ. ತೋಟದ ಆಫೀಸಿನಲ್ಲಿ ಮಳೆಗಾಲ ಪೂರ್ತಿ ಮುಚ್ಚಿಟ್ಟಿದ್ದ ಯಂತ್ರ ಎಂದು ನೀವೇ ಬರೆದಿದ್ದೀರಿ. ಮೂಡಿಗೆರೆಯ ಥಂಡಿಯಲ್ಲಿ ನಾಲ್ಕು ತಿಂಗಳು ಕೂತದ್ದಾದರೆ ನನ್ನ ಅನುಮಾನ ಮೊದಲು ಹೋಗುವುದು ಕ್ಯಾರೇಜ್ (ದೀಪ, ಸೆನ್ಸರ್ ಹೊತ್ತು ಓಡಾಡುವ ಭಾಗ) ಜಾರುವ ಕಂಬಿಯ ಮೇಲೆ.

ಬಿಚ್ಚುವ ಮೊದಲು ಎರಡು ನೋಡಿ. ಅಡಿಯಲ್ಲೋ ಪಕ್ಕದಲ್ಲೋ ಕ್ಯಾರೇಜನ್ನು ಹಿಡಿದಿಡುವ, ಬೀಗದ ಗುರುತಿನ ಲಾಕ್ ಇದ್ದರೆ ತೆರೆದಿದೆಯಾ? ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಮಾದರಿಯಾದರೆ ಹಬ್ ಬಿಟ್ಟು ಕಂಪ್ಯೂಟರಿಗೇ ನೇರವಾಗಿ, ಗಿಡ್ಡ ಕೇಬಲ್‌ನಲ್ಲಿ ಜೋಡಿಸಿ. ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, 500 ಮಿಲಿಆಂಪ್. ಸವೆದ ಕೇಬಲ್‌ನಲ್ಲಿ ವೋಲ್ಟೇಜ್ ಇಳಿದರೆ ಮೋಟರ್ ಹೆಜ್ಜೆ ತಪ್ಪುತ್ತದೆ. ಬೇರೆ ಅಡಾಪ್ಟರ್ ಇದ್ದರೆ ಅದರ ವೋಲ್ಟೇಜನ್ನು ಸ್ಕ್ಯಾನರ್ ಓಡುವಾಗಲೇ ಅಳೆಯಬೇಕು. ಸುಮ್ಮನಿದ್ದಾಗ ಸರಿಯಾದ ಅಂಕಿ ತೋರಿಸಿ, ಲೋಡ್ ಬಿದ್ದಾಗ ಕುಸಿಯುವುದು ಹಳೇ ಅಡಾಪ್ಟರ್‌ಗಳ ಚಾಳಿ.

ಈಗ ಪ್ಲಗ್ ಕಿತ್ತು, ಗಾಜಿನ ಮುಚ್ಚಳ ತೆಗೆಯಿರಿ. ಸ್ಕ್ರೂ ಕಾಣದಿದ್ದರೆ ಅಡಿಯ ರಬ್ಬರ್ ಕಾಲುಗಳ ಕೆಳಗೆ ಹುಡುಕಿ. ಬೆಲ್ಟ್ ಸಡಿಲಿಸಿ ಕ್ಯಾರೇಜನ್ನು ಬೆರಳಲ್ಲಿ ತಳ್ಳಿ, ಸಲೀಸಾಗಿ ಜಾರಬೇಕು. ಎಲ್ಲೋ ಒಂದು ಕಡೆ ಹಿಡಿದರೆ ಅಲ್ಲಿ ತುಕ್ಕೋ ಗಟ್ಟಿಯಾದ ಗ್ರೀಸೋ ಇದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಕಂಬಿಯನ್ನು ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ: 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ನಿಮ್ಮೂರಿನ ಬೆಳಗಿಗೆ ಅಷ್ಟು ಸಾಕು. ಬೆಲ್ಟಿಗೆ ಯಾವ ಎಣ್ಣೆಯನ್ನೂ ಮುಟ್ಟಿಸಬೇಡಿ.

ಕ್ಯಾರೇಜ್ ಸಲೀಸಾಗಿ ಓಡಿ, ಕೊನೆಗೆ ಗುದ್ದಿಕೊಂಡು ಕಟಕಟ ಅಂದರೆ ಕಥೆ ಬೇರೆ. ಬಹಳಷ್ಟು ಸ್ಕ್ಯಾನರ್‌ಗಳಲ್ಲಿ ನಿಲ್ಲುವ ಜಾಗಕ್ಕೆ ಸ್ವಿಚ್ ಇರುವುದಿಲ್ಲ. ಗಾಜಿನ ಅಂಚಿನ ಒಳಗೆ ಅಂಟಿಸಿದ ಕಪ್ಪು-ಬಿಳಿ ಪಟ್ಟಿಯನ್ನು ಸೆನ್ಸರ್ ನೋಡಿಯೇ ಜಾಗ ಗುರುತಿಸುತ್ತದೆ. ಆ ಪಟ್ಟಿಗೆ ಬೂಷ್ಟು ಹಿಡಿದಿದ್ದರೆ, ದೀಪ ಹೊತ್ತದಿದ್ದರೆ, ಅಥವಾ ಕ್ಯಾರೇಜಿನ ಚಪ್ಪಟೆ ಕೇಬಲ್ ಕನೆಕ್ಟರ್‌ನಿಂದ ಅರ್ಧ ಹೊರಬಂದಿದ್ದರೆ ಅದು ಕುರುಡಾಗಿ ಗೋಡೆಗೆ ಗುದ್ದುತ್ತಲೇ ಇರುತ್ತದೆ. ಮೋಟರ್ ಎಷ್ಟು ಸಲ ಬದಲಿಸಿದರೂ ಇದು ಹೋಗದು.

ಗೇರ್ ಹಲ್ಲುಗಳನ್ನೂ ನೋಡಿ. ಹಿಂದೆ ಸ್ಕ್ಯಾನ್ ಮಾಡಿದ ಪ್ರತಿಗಳಲ್ಲಿ ಸಮ ಅಂತರಕ್ಕೊಂದು ಅಡ್ಡಗೆರೆಯೋ ಕುಗ್ಗಿದ ಸಾಲೋ ಇದ್ದರೆ ಒಂದು ಹಲ್ಲು ಮುರಿದಿದೆ. ಪ್ರತಿ ಹಾಳೆಯಲ್ಲೂ ಒಂದೇ ಜಾಗದಲ್ಲಿದ್ದರೆ ಮತ್ತೆ ಕಂಬಿಯದೇ ತಪ್ಪು.

ಇಷ್ಟಾದ ಮೇಲೆ ಮೋಟರ್. ಕರೆಂಟ್ ಇರುವಾಗ ಅದರ ಕನೆಕ್ಟರ್ ಕೀಳಬೇಡಿ, ಮೋಟರ್ ಓಡಿಸುವ ಚಿಪ್ (ಡ್ರೈವರ್ ಐಸಿ) ಸುಟ್ಟೀತು. ಮಲ್ಟಿಮೀಟರನ್ನು 200 ಓಮ್‌ಗೆ ಇಡಿ. ನಾಲ್ಕು ವೈರ್ ಇದ್ದರೆ ಓಮ್ ತೋರುವ ಎರಡು ಜೋಡಿ ಸಿಗಬೇಕು, ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಓಮ್. ಜೋಡಿಯಿಂದ ಜೋಡಿಗೆ ಏನೂ ತೋರಬಾರದು. ಐದು ವೈರ್ ಇದ್ದರೆ ಒಂದು ಕಾಮನ್ (ಎಲ್ಲ ಕಾಯಿಲ್‌ಗೂ ಸೇರಿದ್ದು): ಅದರಿಂದ ಉಳಿದ ನಾಲ್ಕಕ್ಕೂ ಸಮ ಓಮ್, ಆ ನಾಲ್ಕರಲ್ಲಿ ಯಾವ ಎರಡರ ನಡುವೆಯೂ ಅದರ ದುಪ್ಪಟ್ಟು. ಮೀಟರ್ ಇಲ್ಲದಿದ್ದರೆ ನಾಲ್ಕು ವೈರಿನದರಲ್ಲಿ ಒಂದು ಜೋಡಿಯ ತುದಿಗಳನ್ನು ಸೇರಿಸಿ ಹಿಡಿದು ಶಾಫ್ಟ್ ತಿರುಗಿಸಿ. ಕಾಯಿಲ್ ಸರಿಯಿದ್ದರೆ ಬಿಗಿಯಾಗುತ್ತದೆ.

ಓಮ್ ತಪ್ಪಿದ್ದರೆ ಮಾತ್ರ ಬದಲಿಸಿ, ಅದೂ ಅದೇ ಮಾದರಿಯ ಗುಜರಿ ಸ್ಕ್ಯಾನರ್‌ನಿಂದ ತೆಗೆದದ್ದು. ನೋಡಲು ಒಂದೇ ಥರ ಇದ್ದರೂ ಹೆಜ್ಜೆಯ ಕೋನವೋ ಗೇರಿನ ಹಲ್ಲಿನ ಲೆಕ್ಕವೋ ಬೇರೆಯಾದರೆ ನಿಮ್ಮ ಪಹಣಿ ಉದ್ದಕ್ಕೆ ಎಳೆದಂತೆಯೋ ಕುಗ್ಗಿಸಿದಂತೆಯೋ ಬರುತ್ತದೆ.