ಈಜು ಬಂದರೂ ಲೈಫ್ ಜಾಕೆಟ್ ಬೇಕಾ?

ಊರಿಂದ ಬರುವ ಅಪ್ಪನನ್ನು ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಲಾಂಚಿನಲ್ಲಿ ಕರೆದೊಯ್ಯುತ್ತಿದ್ದೀರಿ, ಅವರಿಗೆ ಈಜು ಬರುತ್ತದೆ, ಜಾಕೆಟ್ ಬೇಕಾ ಎಂದು ಕೇಳಿದ್ದೀರಿ.

ಬೇಕೇ ಬೇಕು. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರವಾಸಿ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡಿದು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಅದಾದ ಮೇಲೆ ಅಲ್ಲಿ ಜಾಕೆಟ್ ಕಡ್ಡಾಯ ಮಾಡಿದರು. ಕೆರೆಯಲ್ಲಿ ಎಷ್ಟೇ ಈಜಿರಲಿ, ತಲೆಗೆ ಪೆಟ್ಟು ಬಿದ್ದರೆ ಕೈಕಾಲು ಆಡುವುದಿಲ್ಲ.

ಆದರೆ ಸುಮ್ಮನೆ ಕೊರಳಿಗೆ ನೇತುಹಾಕಿಕೊಂಡರೆ ಸಾಲದು. ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಆಮೇಲೆ ಪಕ್ಕದವರಿಗೆ ಎರಡೂ ಭುಜದ ಹತ್ತಿರ ಜಾಕೆಟ್ ಹಿಡಿದು ಮೇಲೆತ್ತಲು ಹೇಳಿ. ಕಿವಿಯವರೆಗೆ ಬಂತೆಂದರೆ ಸಡಿಲ: ನೀರಿಗೆ ಬಿದ್ದಾಗ ಜಾಕೆಟ್ ಮೇಲೆ, ನೀವು ಕೆಳಗೆ. ಮಕ್ಕಳಿಗೆ ದೊಡ್ಡವರದ್ದು ತೊಡಿಸಬೇಡಿ, ಜಾರಿಹೋಗುತ್ತದೆ. ಕಾಲುಗಳ ನಡುವೆ ಪಟ್ಟಿ ಇರುವ ಚಿಕ್ಕದನ್ನೇ ಕೇಳಿ.

ಗೋವಾದಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಹತ್ತುವವರಿಗೆ ಇನ್ನೊಂದು ಮಾತು. ಜಾಕೆಟ್ ಮೇಲೆ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದಿದ್ದರೆ ಅದು ಎಚ್ಚರವಿರುವ ಈಜುಗಾರರಿಗೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವುದಿಲ್ಲ. ದಡದ ಹತ್ತಿರದ ಶಾಂತ ಸಮುದ್ರಕ್ಕೆ ಕನಿಷ್ಠ 100ರದ್ದು, ಕತ್ತಿನ ಹಿಂದೆ ಕಾಲರ್ ಇರುವುದನ್ನು ನೋಡಿ ತೊಟ್ಟುಕೊಳ್ಳಿ.